ಯೂಟ್ಯೂಬ್ ಪ್ಲೇಲಿಸ್ಟ್

ಯೂಟ್ಯೂಬ್ ಪ್ಲೇಲಿಸ್ಟ್ ಎಂಬುದು ಯೂಟ್ಯೂಬ್ ಜಾಲತಾಣದಲ್ಲಿರುವ ಹಲವು ವೀಡಿಯೊಗಳನ್ನು ಒಂದೇ ಶೀರ್ಷಿಕೆಯಡಿ, ಗೊತ್ತಾದ ಕ್ರಮದಲ್ಲಿ ಜೋಡಿಸಿದ ಪಟ್ಟಿ. ಪಟ್ಟಿಯಲ್ಲಿನ ಒಂದು ವೀಡಿಯೊ ಮುಗಿದೊಡನೆ ಸಾಮಾನ್ಯವಾಗಿ ಮುಂದಿನದು ತಾನಾಗಿಯೇ ಆರಂಭವಾಗುತ್ತದೆ. ಯಾವುದೇ ಬಳಕೆದಾರರು ತಮ್ಮ ಸ್ವಂತ ಅನುಕೂಲಕ್ಕಾಗಿ ಇಂತಹ ಪಟ್ಟಿಯನ್ನು ರಚಿಸಿಕೊಳ್ಳಬಹುದು. ಚಾನೆಲ್ ನಡೆಸುವವರು ತಮ್ಮ ವೀಡಿಯೊಗಳನ್ನು ವಿಷಯಾನುಸಾರ ವಿಂಗಡಿಸಲು, ವೀಕ್ಷಕರನ್ನು ಒಂದು ವೀಡಿಯೊದಿಂದ ಮತ್ತೊಂದಕ್ಕೆ ಕರೆದೊಯ್ಯಲು, ಆ ಮೂಲಕ ಚಾನೆಲ್ಲಿನ ವೀಕ್ಷಕವರ್ಗವನ್ನು ಬೆಳೆಸಲು ಇದನ್ನು ಬಳಸುತ್ತಾರೆ. ಕನ್ನಡದಲ್ಲಿ ಇದನ್ನು ಪ್ಲೇಪಟ್ಟಿ, ವೀಡಿಯೊ ಮಾಲಿಕೆ ಎಂದು ಕರೆಯುವುದೂ ಉಂಟು.

ಪ್ಲೇಲಿಸ್ಟು ಹೊಸ ವೀಕ್ಷಕರನ್ನು ಹೊರಗಿನಿಂದ ಕರೆತರುವ ಸಾಧನವೆಂಬುದಕ್ಕಿಂತ, ಹೇಗೋ ಬಂದು ತಲುಪಿದವರನ್ನು ಉಳಿಸಿಕೊಳ್ಳುವ ಸಾಧನವೆಂದು ತಿಳಿಯುವುದು ಹೆಚ್ಚು ಸರಿ. ಚಾನೆಲ್ ಬೆಳೆಸುವ ಸಲಹೆಗಳಲ್ಲಿ ಈ ವ್ಯತ್ಯಾಸವು ಆಗಾಗ್ಗೆ ಮರೆತುಹೋಗುತ್ತದೆ.

ಹಿನ್ನೆಲೆ

ಪ್ಲೇಲಿಸ್ಟ್ ಎಂಬ ಪದವು ರೇಡಿಯೊ ಕ್ಷೇತ್ರದ ಬಳುವಳಿ. ಯಾವ ಹಾಡಿನ ನಂತರ ಯಾವ ಹಾಡು ಪ್ರಸಾರವಾಗಬೇಕೆಂದು ನಿಲಯದವರು ಸಿದ್ಧಪಡಿಸಿಕೊಳ್ಳುತ್ತಿದ್ದ ಪಟ್ಟಿಗೆ ಈ ಹೆಸರಿತ್ತು. 1997ರಲ್ಲಿ ಬಂದ ವಿನ್‌ಆಂಪ್, 2001ರಲ್ಲಿ ಬಂದ ಐಟ್ಯೂನ್ಸ್ ಮೊದಲಾದ ತಂತ್ರಾಂಶಗಳ ಮೂಲಕ ಅದು ಗಣಕಯಂತ್ರಕ್ಕೆ ಬಂದು, ಪಟ್ಟಿ ಮಾಡುವ ಅಧಿಕಾರ ಕೇಳುಗರ ಕೈಗೆ ದಾಟಿತು.

ಯೂಟ್ಯೂಬನ್ನು ಚಾಡ್ ಹರ್ಲಿ, ಸ್ಟೀವ್ ಚೆನ್ ಮತ್ತು ಜಾವೇದ್ ಕರೀಂ ಎಂಬ ಮೂವರು 2005ರ ಫೆಬ್ರವರಿಯಲ್ಲಿ ಸ್ಥಾಪಿಸಿದರು. ಮೊದಲ ವೀಡಿಯೊ ಅದೇ ವರ್ಷದ ಏಪ್ರಿಲ್ 23ರಂದು ಪ್ರಕಟವಾಯಿತು. ಮೃಗಾಲಯವೊಂದರಲ್ಲಿ ಚಿತ್ರಿಸಿದ ಆ ತುಣುಕಿನ ಅವಧಿ 19 ಸೆಕೆಂಡುಗಳು. 2006ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು 165 ಕೋಟಿ ಡಾಲರ್ ಮೌಲ್ಯಕ್ಕೆ ಈ ತಾಣವನ್ನು ಕೊಳ್ಳುವುದಾಗಿ ಪ್ರಕಟಿಸಿತು. ವೀಡಿಯೊಗಳ ಸಂಖ್ಯೆ ಬೆಳೆದಂತೆ ಅವುಗಳನ್ನು ಅಡಕವಾಗಿ ಇಡುವ ಅಗತ್ಯವೂ ಬೆಳೆಯಿತು.

ಚಾನೆಲ್ಲಿನ ವೀಡಿಯೊ ಪುಟವು ಸಹಜವಾಗಿ ಹೊಸತನ್ನು ಮೇಲೆ, ಹಳತನ್ನು ಕೆಳಗೆ ತೋರಿಸುತ್ತದೆ. ಸುದ್ದಿಗೆ ಈ ಕ್ರಮ ಒಪ್ಪುತ್ತದೆ. ಆದರೆ ನೂರು ಪಾಠಗಳಿರುವ ಚಾನೆಲ್ಲಿನಲ್ಲಿ ಮೊದಲ ಪಾಠವು ನೂರನೆಯ ಸ್ಥಾನಕ್ಕೆ ಇಳಿದಿರುತ್ತದೆ. ಪುಸ್ತಕವನ್ನು ಕೊನೆಯ ಪುಟದಿಂದ ತೆರೆದಿಟ್ಟಂತೆ. ಕಲಿಯಬೇಕಾದ ಕ್ರಮವೂ ತಾಣ ತೋರಿಸುವ ಕ್ರಮವೂ ಹೀಗೆ ಒಂದಕ್ಕೊಂದು ವಿರುದ್ಧವಾಗಿರುವುದರಿಂದಲೇ ಶೈಕ್ಷಣಿಕ ಚಾನೆಲ್‌ಗಳಿಗೆ ಪ್ಲೇಲಿಸ್ಟು ಅನಿವಾರ್ಯವಾಯಿತು.

ಸ್ವರೂಪ

ಪ್ಲೇಲಿಸ್ಟಿನಲ್ಲಿ ವೀಡಿಯೊಗಳ ಪ್ರತಿಗಳು ಇರುವುದಿಲ್ಲ, ಅವುಗಳ ಕೊಂಡಿಗಳು ಮಾತ್ರ ಇರುತ್ತವೆ. ಆದುದರಿಂದ ಒಂದೇ ವೀಡಿಯೊವನ್ನು ಎಷ್ಟು ಪಟ್ಟಿಗಳಲ್ಲಿ ಬೇಕಾದರೂ ಸೇರಿಸಬಹುದು. ಪಟ್ಟಿಯನ್ನು ಅಳಿಸಿದರೆ ವೀಡಿಯೊ ಅಳಿಯುವುದಿಲ್ಲ. ವೀಡಿಯೊ ಅಳಿದರೆ ಮಾತ್ರ ಅದಿದ್ದ ಎಲ್ಲ ಪಟ್ಟಿಗಳಲ್ಲೂ ಆ ಸ್ಥಾನ ತೆರವಾಗುತ್ತದೆ. ಪಟ್ಟಿಯೊಂದರಲ್ಲಿ ಗರಿಷ್ಠ 5,000 ವೀಡಿಯೊಗಳನ್ನು ಇರಿಸಲು ಅವಕಾಶವಿದೆಯಾದರೂ ಬಳಕೆಯ ದೃಷ್ಟಿಯಿಂದ ಅಷ್ಟು ದೊಡ್ಡ ಪಟ್ಟಿಗೆ ಅರ್ಥವಿಲ್ಲ.

ಗೋಪ್ಯತೆಯ ದೃಷ್ಟಿಯಿಂದ ಪಟ್ಟಿಗಳು ಮೂರು ಬಗೆ. ಸಾರ್ವಜನಿಕ ಪಟ್ಟಿಯು ಹುಡುಕಾಟದಲ್ಲಿಯೂ ಚಾನೆಲ್ ಪುಟದಲ್ಲಿಯೂ ಎಲ್ಲರಿಗೂ ಕಾಣುತ್ತದೆ. ಪಟ್ಟಿಮಾಡದ ಬಗೆಯದು ಕೊಂಡಿ ಇದ್ದವರಿಗೆ ಮಾತ್ರ ತೆರೆದುಕೊಳ್ಳುತ್ತದೆ. ತರಗತಿಯೊಂದರ ವಿದ್ಯಾರ್ಥಿಗಳಿಗೆ ವಾಟ್ಸಾಪ್ ಗುಂಪಿನಲ್ಲಿ ಕಳುಹಿಸಲು ಇದು ಅನುಕೂಲ. ಖಾಸಗಿ ಪಟ್ಟಿಯು ರಚಿಸಿದವರ ಬಳಕೆಗೆ ಮೀಸಲು. ಇವಲ್ಲದೆ, ರಚಿಸಿದವರು ಕೊಂಡಿಯೊಂದನ್ನು ಕಳುಹಿಸಿ ಇತರರಿಗೂ ವೀಡಿಯೊ ಸೇರಿಸುವ ಅನುಮತಿ ನೀಡಬಹುದು. ಬೇರೆ ಬೇರೆ ಶಾಲೆಗಳ ಶಿಕ್ಷಕರು ಸೇರಿ ಒಂದೇ ವಿಷಯದ ಪಟ್ಟಿಯನ್ನು ಬೆಳೆಸಲು ಈ ಸೌಲಭ್ಯ ಒದಗಿಬರುತ್ತದೆ.

ಪಟ್ಟಿಯ ಒಳಕ್ರಮವನ್ನು ಕೈಯಾರೆ ಜೋಡಿಸಬಹುದು, ಇಲ್ಲವೆ ಪ್ರಕಟವಾದ ದಿನಾಂಕ, ಪಟ್ಟಿಗೆ ಸೇರಿದ ದಿನಾಂಕ ಅಥವಾ ಜನಪ್ರಿಯತೆಯನ್ನು ಅನುಸರಿಸಿ ತಾನಾಗಿ ಜೋಡಣೆಯಾಗುವಂತೆ ಗೊತ್ತುಪಡಿಸಬಹುದು. ಪಟ್ಟಿಯನ್ನು ‘ಅಧಿಕೃತ ಸರಣಿ’ ಎಂದು ಗುರುತಿಸುವ ಆಯ್ಕೆಯೂ ಇದೆ. ಹಾಗೆ ಗುರುತಿಸಿದಾಗ ಆ ವೀಡಿಯೊಗಳನ್ನು ಒಟ್ಟಾಗಿ, ಕ್ರಮವಾಗಿ ನೋಡತಕ್ಕವು ಎಂಬ ಸೂಚನೆ ತಾಣಕ್ಕೆ ದೊರೆಯುತ್ತದೆ. ಒಂದು ವೀಡಿಯೊ ಒಂದೇ ಅಧಿಕೃತ ಸರಣಿಯಲ್ಲಿ ಇರಬಲ್ಲುದು. ಚಾನೆಲ್ಲಿನ ಮುಖಪುಟದಲ್ಲಿ ಗರಿಷ್ಠ 12 ವಿಭಾಗಗಳನ್ನು ಏರ್ಪಡಿಸಿ, ಒಂದೊಂದರಲ್ಲಿ ಒಂದೊಂದು ಪಟ್ಟಿಯನ್ನು ಪ್ರದರ್ಶಿಸಬಹುದು.

ವೀಕ್ಷಕವರ್ಗದ ಬೆಳವಣಿಗೆಯಲ್ಲಿ ಪಾತ್ರ

ಆರಂಭದ ವರ್ಷಗಳಲ್ಲಿ ಯೂಟ್ಯೂಬು ಒಂದು ವೀಡಿಯೊ ಎಷ್ಟು ಬಾರಿ ತೆರೆಯಲ್ಪಟ್ಟಿದೆ ಎಂಬುದಕ್ಕೆ ಹೆಚ್ಚಿನ ಬೆಲೆ ಕೊಡುತ್ತಿತ್ತು. ಮೋಸದ ಶೀರ್ಷಿಕೆ ನೋಡಿ ತೆರೆದು, ಮರುಕ್ಷಣವೇ ಮುಚ್ಚಿದರೂ ಅದೊಂದು ವೀಕ್ಷಣೆಯೇ ಆಗುತ್ತಿತ್ತು. 2012ರಲ್ಲಿ ತಾಣವು ಶಿಫಾರಸು ಮತ್ತು ಹುಡುಕಾಟದ ವಿಧಾನವನ್ನು ಬದಲಿಸಿ, ವೀಕ್ಷಕರು ಎಷ್ಟು ಹೊತ್ತು ನೋಡಿದರು ಎಂಬುದನ್ನು, ಎಂದರೆ ವೀಕ್ಷಣಾ ಸಮಯವನ್ನು, ಮುಖ್ಯ ಅಳತೆಯಾಗಿ ತೆಗೆದುಕೊಂಡಿತು. ಮುಂದೆ ವೀಕ್ಷಕರ ತೃಪ್ತಿಯನ್ನು ತಿಳಿಯುವ ಸಮೀಕ್ಷೆಗಳೂ ಇದಕ್ಕೆ ಸೇರಿದವು. 2015ರಲ್ಲಿ, ಪಟ್ಟಿಯ ಹೊರಗೂ ಮುಂದಿನ ವೀಡಿಯೊ ತಾನಾಗಿ ಆರಂಭವಾಗುವ ಆಟೋಪ್ಲೇ ವ್ಯವಸ್ಥೆ ಬಂದಿತು. ಒಂದು ವೀಡಿಯೊದ ನಂತರ ವೀಕ್ಷಕರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಚಾನೆಲ್ ನಡೆಸುವವರಿಗೆ ಮುಖ್ಯವಾದುದು ಈ ಬದಲಾವಣೆಗಳ ನಂತರ.

ಈ ಪ್ರಶ್ನೆಗೆ ಆರ್ಥಿಕ ಮುಖವೂ ಇದೆ. 2018ರಲ್ಲಿ ಜಾರಿಗೆ ಬಂದ ನಿಯಮದಂತೆ, ಜಾಹೀರಾತು ಆದಾಯದಲ್ಲಿ ಪಾಲು ಪಡೆಯಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು ಇರಬೇಕು, ಹಿಂದಿನ 12 ತಿಂಗಳುಗಳಲ್ಲಿ 4,000 ಗಂಟೆಗಳ ಸಾರ್ವಜನಿಕ ವೀಕ್ಷಣಾ ಸಮಯವೂ ಇರಬೇಕು. ಕಿರು ವೀಡಿಯೊಗಳಿಗೆ, ಎಂದರೆ ಶಾರ್ಟ್ಸ್‌ಗೆ, 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂಬ ಬೇರೆ ಮಾರ್ಗವು 2023ರಿಂದ ಇದೆ. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬ ವೀಕ್ಷಕರು ಒಂದು ವೀಡಿಯೊವನ್ನು ಸರಾಸರಿ ನಾಲ್ಕು ನಿಮಿಷ ನೋಡಿ ಹೊರಟುಹೋದರೆ ಈ ಮಟ್ಟ ಮುಟ್ಟಲು 60,000 ಭೇಟಿಗಳು ಬೇಕು. ಅದೇ ವೀಕ್ಷಕರು ಒಂದರ ನಂತರ ಒಂದರಂತೆ ಮೂರು ವೀಡಿಯೊಗಳನ್ನು ನೋಡಿದರೆ 20,000 ಭೇಟಿಗಳು ಸಾಕಾಗುತ್ತವೆ. ಭಾಷೆಯ ವ್ಯಾಪ್ತಿಯಿಂದಲೇ ವೀಕ್ಷಕರ ಸಂಖ್ಯೆಗೆ ಮಿತಿಯಿರುವ ಕನ್ನಡದಂತಹ ಭಾಷೆಗಳ ಸಣ್ಣ ಚಾನೆಲ್‌ಗಳಿಗೆ ಈ ಲೆಕ್ಕ ಗಮನಾರ್ಹ. ಹೊಸಬರನ್ನು ಕರೆತರುವುದಕ್ಕಿಂತ ಬಂದವರಿಗೆ ಮುಂದಿನ ದಾರಿ ತೋರಿಸುವುದು ಅವರ ಕೈಯಲ್ಲಿರುವ ಕೆಲಸ.

ಇಲ್ಲಿ ಒಂದು ತೊಡಕಿದೆ. ಹುಡುಕಾಟದ ಮೂಲಕ ಬರುವವರು ಸಾಮಾನ್ಯವಾಗಿ ಬಿಡಿ ವೀಡಿಯೊವನ್ನೇ ತೆರೆಯುತ್ತಾರೆ. ಆ ವೀಡಿಯೊ ಒಂದು ಪಟ್ಟಿಯಲ್ಲಿದೆ ಎಂಬುದು ಅವರಿಗೆ ಗೋಚರಿಸುವುದೇ ಇಲ್ಲ. ಉದಾಹರಣೆಗೆ, ಪರೀಕ್ಷೆಯ ಹಿಂದಿನ ದಿನ ‘ಗುಣಸಂಧಿ’ ಎಂದು ಹುಡುಕಿ ಬಂದ ವಿದ್ಯಾರ್ಥಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಎಂಟು ನಿಮಿಷಗಳ ಪಾಠ ಅವಳಿಗೆ ತಿಳಿಯಿತು. ಅದರ ಹಿಂದೆ ಸವರ್ಣದೀರ್ಘಸಂಧಿಯ ಪಾಠವಿದೆ, ಮುಂದೆ ವೃದ್ಧಿಸಂಧಿ ಮತ್ತು ಯಣ್‌ಸಂಧಿಯ ಪಾಠಗಳಿವೆ. ಇವೆಲ್ಲ ಅದೇ ಶಿಕ್ಷಕರದೇ. ಆದರೆ ವೀಡಿಯೊ ಮುಗಿದೊಡನೆ ಅವಳ ಮುಂದೆ ಬರುವುದು ತಾಣವು ಆರಿಸಿದ ಮತ್ತಾವುದೋ ವೀಡಿಯೊ. ಅದು ಚಲನಚಿತ್ರ ಗೀತೆಯೂ ಆಗಿರಬಹುದು. ಪಾಠಗಳನ್ನು ಪಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಜೋಡಿಸಿದ್ದರೂ ಪಟ್ಟಿಯ ಬಾಗಿಲು ಅವಳಿಗೆ ಕಾಣದಿದ್ದಲ್ಲಿ ಪ್ರಯೋಜನವಿಲ್ಲ.

ಆದುದರಿಂದ ಪಟ್ಟಿಯ ರಚನೆಯಷ್ಟೇ ಮುಖ್ಯವಾದುದು ಬಿಡಿ ವೀಡಿಯೊದಿಂದ ಪಟ್ಟಿಗೆ ದಾರಿ ಮಾಡಿಕೊಡುವುದು. ಇದಕ್ಕೆ ಹಲವು ಉಪಾಯಗಳಿವೆ. ವೀಡಿಯೊದ ಕೊನೆಯ 5ರಿಂದ 20 ಸೆಕೆಂಡುಗಳ ಅವಧಿಯಲ್ಲಿ ತೋರುವ ಎಂಡ್ ಸ್ಕ್ರೀನಿನಲ್ಲಿ ಪಟ್ಟಿಯನ್ನೇ ಇರಿಸಬಹುದು; 25 ಸೆಕೆಂಡುಗಳಿಗಿಂತ ಚಿಕ್ಕದಾದ ವೀಡಿಯೊಗಳಿಗೆ ಈ ಸೌಲಭ್ಯವಿಲ್ಲ. ವೀಡಿಯೊದ ನಡುವೆ ಮೂಲೆಯಲ್ಲಿ ಮೂಡುವ ಕಾರ್ಡುಗಳ ಮೂಲಕವೂ ಪಟ್ಟಿಯನ್ನು ಸೂಚಿಸಬಹುದು. ವಿವರಣೆಯ ಮೊದಲ ಸಾಲಿನಲ್ಲಿ ಕೊಂಡಿ ಕೊಡುವುದು ಸರಳವಾದ ಮಾರ್ಗ. ಕೊಂಡಿಯಲ್ಲಿಯೂ ಎರಡು ಬಗೆಯಿದೆ: ಬಿಡಿ ವೀಡಿಯೊದ ಕೊಂಡಿಯನ್ನು ಹಂಚಿದರೆ ವೀಡಿಯೊ ಮಾತ್ರ ತೆರೆಯುತ್ತದೆ, ಪಟ್ಟಿಯೊಳಗಿನಿಂದ ಪಡೆದ ಕೊಂಡಿಯನ್ನು ಹಂಚಿದರೆ ವೀಡಿಯೊದ ಪಕ್ಕದಲ್ಲಿ ಅಥವಾ ಕೆಳಗೆ ಇಡೀ ಪಟ್ಟಿ ತೆರೆದುಕೊಳ್ಳುತ್ತದೆ. ವಾಟ್ಸಾಪ್ ಮೂಲಕ ಪಾಠ ಕಳುಹಿಸುವ ಶಿಕ್ಷಕರು ಬಹುಮಟ್ಟಿಗೆ ಮೊದಲ ಬಗೆಯ ಕೊಂಡಿಯನ್ನೇ ಕಳುಹಿಸುತ್ತಾರೆ. ಎಲ್ಲಕ್ಕೂ ಮಿಗಿಲಾಗಿ, ಪಾಠದ ಕೊನೆಯಲ್ಲಿ ‘ಮುಂದಿನ ಪಾಠ ವೃದ್ಧಿಸಂಧಿ, ಈ ಪಟ್ಟಿಯಲ್ಲಿಯೇ ಇದೆ’ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ.

ಜೋಡಣೆಯ ಕ್ರಮ

ಪಟ್ಟಿಯ ಕ್ರಮವನ್ನು ನಿರ್ಣಯಿಸಬೇಕಾದುದು ವೀಕ್ಷಕರ ಉದ್ದೇಶ. ಕಲಿಯಲು ಬಂದವರಿಗೆ ಸುಲಭದಿಂದ ಕಠಿಣಕ್ಕೆ, ಹಿಂದಿನದರಿಂದ ಮುಂದಿನದಕ್ಕೆ ಸಾಗುವ ಕ್ರಮ ಬೇಕು. ಪ್ರಚಲಿತ ವಿದ್ಯಮಾನಗಳಿಗೆ ಹೊಸತು ಮೊದಲು ಬರಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಮೂರು ವರ್ಷಗಳ ಹಿಂದಿನ ಸುದ್ದಿಯಿಂದ ಆರಂಭವಾಗುವ ಪಟ್ಟಿಯಿಂದ ಉಪಯೋಗವಿಲ್ಲ. ಹಾಡು, ಭಜನೆ, ಹಾಸ್ಯ ಪ್ರಸಂಗಗಳಿಗೆ ಕಟ್ಟುನಿಟ್ಟಾದ ಕ್ರಮ ಬೇಕಿಲ್ಲ.

ಕೈಯಾರೆ ಜೋಡಿಸಿದ ಪಟ್ಟಿಯಲ್ಲಿ ಹೊಸ ವೀಡಿಯೊ ಸಾಮಾನ್ಯವಾಗಿ ಕೊನೆಗೆ ಸೇರುತ್ತದೆ. ಬಿಟ್ಟುಹೋದ ಪಾಠವೊಂದನ್ನು ವರ್ಷದ ನಂತರ ಚಿತ್ರಿಸಿ ಪ್ರಕಟಿಸಿದಾಗ, ಅದು ಮೂರನೆಯದಾಗಿ ಬರಬೇಕಾಗಿದ್ದರೂ ಮೂವತ್ತನೆಯದಾಗಿ ಉಳಿದುಬಿಡುತ್ತದೆ. ಪ್ರಕಟಣೆಯ ದಿನಾಂಕವನ್ನೇ ನಂಬಿ ಜೋಡಿಸಿದ ಪಟ್ಟಿಗಳಲ್ಲಿಯೂ ಇದೇ ದೋಷ ಕಾಣುತ್ತದೆ. ಪಾಠ ಮಾಡಿದ ಕ್ರಮ ಬೇರೆ, ಚಿತ್ರೀಕರಿಸಿದ ಕ್ರಮ ಬೇರೆ, ಕಲಿಯಬೇಕಾದ ಕ್ರಮ ಬೇರೆ. ಪಟ್ಟಿಯು ಈ ಮೂರನೆಯದನ್ನು ಅನುಸರಿಸತಕ್ಕದ್ದು.

ಮೊದಲ ವೀಡಿಯೊಗೆ ವಿಶೇಷ ಹೊಣೆಯಿದೆ. ಪಟ್ಟಿಯ ಮುಖಚಿತ್ರವಾಗಿ ಸಾಮಾನ್ಯವಾಗಿ ಅದರ ಥಂಬ್‌ನೇಲೇ ಕಾಣುತ್ತದೆ. ‘ಎಲ್ಲವನ್ನೂ ಪ್ಲೇ ಮಾಡಿ’ ಎಂಬುದನ್ನು ಒತ್ತಿದವರು ಅಲ್ಲಿಂದಲೇ ತೊಡಗುತ್ತಾರೆ. ಅನೇಕ ಪಾಠಮಾಲೆಗಳಲ್ಲಿ ಮೊದಲ ವೀಡಿಯೊ ಎಂದರೆ ಚಿತ್ರೀಕರಣದ ಅನುಭವವಿಲ್ಲದ ದಿನಗಳಲ್ಲಿ, ಫ್ಯಾನಿನ ಸದ್ದಿನ ನಡುವೆ, ಮಂದ ಬೆಳಕಿನಲ್ಲಿ ಮಾಡಿದ್ದು. ಐವತ್ತು ವೀಡಿಯೊಗಳ ನಂತರ ಕೈ ಪಳಗಿದ್ದರೂ ಹೊಸಬರಿಗೆ ಎದುರಾಗುವುದು ಆ ಹಳೆಯ ಮೊದಲನೆಯದೇ. ಅದೊಂದನ್ನು ಮತ್ತೆ ಚಿತ್ರಿಸಿ ಪಟ್ಟಿಯ ತಲೆಯಲ್ಲಿರಿಸುವುದು ಹತ್ತು ಹೊಸ ವೀಡಿಯೊ ಮಾಡುವುದಕ್ಕಿಂತ ಹೆಚ್ಚು ಫಲಕಾರಿಯಾಗಬಲ್ಲುದು.

ಪಟ್ಟಿಯ ಉದ್ದಕ್ಕೆ ನಿಯಮವಿಲ್ಲ. ಆದರೆ ಇನ್ನೂರು ವೀಡಿಯೊಗಳ ‘ಕನ್ನಡ ವ್ಯಾಕರಣ’ ಎಂಬ ಒಂದೇ ಪಟ್ಟಿಗಿಂತ ಸಂಧಿ, ಸಮಾಸ, ವಿಭಕ್ತಿ, ಛಂದಸ್ಸು, ಅಲಂಕಾರ ಎಂದು ಬೇರೆ ಬೇರೆಯಾಗಿ ಹತ್ತು-ಹದಿನೈದು ವೀಡಿಯೊಗಳ ಪಟ್ಟಿಗಳಿದ್ದರೆ ಹುಡುಕುವವರಿಗೂ ಮುಗಿಸುವವರಿಗೂ ಅನುಕೂಲ. ಮುಗಿಸಬಹುದೆಂಬ ಭರವಸೆ ಇದ್ದಾಗಲೇ ಮನುಷ್ಯರು ಒಂದು ಕೆಲಸವನ್ನು ಆರಂಭಿಸುವುದು. ಇದಕ್ಕೆ ವಿರುದ್ಧವಾದ ದೋಷವೂ ಇದೆ: ಎರಡೇ ವೀಡಿಯೊಗಳುಳ್ಳ ಮೂವತ್ತು ಪಟ್ಟಿಗಳನ್ನು ಮುಖಪುಟದಲ್ಲಿ ಹರಡಿಟ್ಟರೆ ವಿಂಗಡಣೆ ಮಾಡಿಯೂ ಮಾಡದಂತಾಗುತ್ತದೆ.

ಪಟ್ಟಿಯ ನಡುವಿನಿಂದ ಬರುವವರೇ ಹೆಚ್ಚೆಂಬುದನ್ನು ನೆನಪಿಟ್ಟು, ಪ್ರತಿ ಪಾಠದ ಆರಂಭದಲ್ಲಿ ಹಿಂದಿನದರ ಸಾರವನ್ನು ಎರಡು ವಾಕ್ಯಗಳಲ್ಲಿ ಹೇಳುವುದು ರೂಢಿಯಾಗಬೇಕು. ದೀರ್ಘ ವೀಡಿಯೊಗಳಲ್ಲಿ ‘ಅಧ್ಯಾಯ’ಗಳ ಸೌಲಭ್ಯವನ್ನೂ ಬಳಸಿಕೊಳ್ಳಬಹುದು. ವಿವರಣೆಯಲ್ಲಿ 00:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಸೂಚಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ವೀಡಿಯೊ ಅಷ್ಟು ಭಾಗಗಳಾಗಿ ತೋರುತ್ತದೆ; ಪ್ರತಿ ಭಾಗವೂ ಕನಿಷ್ಠ 10 ಸೆಕೆಂಡುಗಳಷ್ಟಿರಬೇಕು.

ಶೈಕ್ಷಣಿಕ ಮಾಲಿಕೆಗಳು

ಕ್ರಮದ ಮಹತ್ವವನ್ನು ಚೆನ್ನಾಗಿ ತೋರಿಸಿಕೊಟ್ಟ ಉದಾಹರಣೆಗಳು ಶಿಕ್ಷಣ ಕ್ಷೇತ್ರದಲ್ಲಿವೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಟ್ರಾಂಗ್ ಅವರ ರೇಖೀಯ ಬೀಜಗಣಿತದ ತರಗತಿಗಳು 1999ರಲ್ಲಿ ಚಿತ್ರೀಕರಣಗೊಂಡವು. ಆಗ ಯೂಟ್ಯೂಬ್ ಹುಟ್ಟಿಯೇ ಇರಲಿಲ್ಲ. ಸಂಸ್ಥೆಯ ಮುಕ್ತ ಪಠ್ಯಯೋಜನೆಯ ಮೂಲಕ ಮುಂದೆ ಯೂಟ್ಯೂಬಿಗೆ ಬಂದ ಈ ಉಪನ್ಯಾಸಗಳು ಇಡೀ ಒಂದು ಪಟ್ಟಿಯಾಗಿ, ತರಗತಿಯಲ್ಲಿ ನಡೆದ ಕ್ರಮದಲ್ಲಿಯೇ ಇವೆ. ಪ್ರತಿ ವೀಡಿಯೊದ ಶೀರ್ಷಿಕೆಯೂ ಉಪನ್ಯಾಸದ ಸಂಖ್ಯೆಯಿಂದ ತೊಡಗುತ್ತದೆ. ಕಪ್ಪುಹಲಗೆ, ಸೀಮೆಸುಣ್ಣಗಳಷ್ಟೇ ಇರುವ ಈ ಪಾಠಗಳನ್ನು ದಶಕಗಳ ನಂತರವೂ ಜಗತ್ತಿನ ವಿದ್ಯಾರ್ಥಿಗಳು ಮೊದಲಿನಿಂದ ಕೊನೆಯವರೆಗೆ ನೋಡುತ್ತಿದ್ದಾರೆ. ಸ್ಟ್ರಾಂಗ್ ಅವರು 2023ರಲ್ಲಿ ಕೊನೆಯ ಪಾಠ ಮಾಡಿ ನಿವೃತ್ತರಾದರು.

ಸಲ್ಮಾನ್ ಖಾನ್ ಅವರು ದೂರದಲ್ಲಿದ್ದ ಬಂಧುವಿಗೆ ಗಣಿತ ಹೇಳಿಕೊಡಲು ಮಾಡಿದ ಯತ್ನದಿಂದ ಬೆಳೆದು, 2006ರಲ್ಲಿ ಯೂಟ್ಯೂಬಿಗೆ ಬಂದ ಖಾನ್ ಅಕಾಡೆಮಿಯ ಪಾಠಗಳೂ ವಿಷಯವಾರು ಪಟ್ಟಿಗಳಾಗಿದ್ದವು. ಭಾರತದಲ್ಲಿ ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಯೋಜನೆಯಲ್ಲಿ ಒಂದು ಪಠ್ಯಕ್ರಮಕ್ಕೆ ಒಂದು ಪಟ್ಟಿ ಎಂಬ ಪದ್ಧತಿಯಿದೆ. ಅದರ ಅನೇಕ ವೀಡಿಯೊಗಳ ಶೀರ್ಷಿಕೆಯಲ್ಲಿ ಘಟಕದ ಸಂಖ್ಯೆ, ಉಪನ್ಯಾಸದ ಸಂಖ್ಯೆ ಎರಡೂ ಮೊದಲಿಗೇ ಬರುತ್ತವೆ. ನೋಡಲು ಒಣದಾಗಿ ಕಂಡರೂ, ಎಲ್ಲಿಂದಲೋ ಬಂದು ಸೇರಿದ ವಿದ್ಯಾರ್ಥಿಗೆ ತಾನು ಎಲ್ಲಿದ್ದೇನೆಂದು ಆ ಸಂಖ್ಯೆಗಳು ತಿಳಿಸುತ್ತವೆ. 2012ರಲ್ಲಿ ಜಾನ್ ಗ್ರೀನ್, ಹ್ಯಾಂಕ್ ಗ್ರೀನ್ ಸಹೋದರರು ಆರಂಭಿಸಿದ ಕ್ರ್ಯಾಶ್ ಕೋರ್ಸ್ ಚಾನೆಲ್ ಇದೇ ಉದ್ದೇಶವನ್ನು ಬೇರೆ ರೀತಿಯಲ್ಲಿ ಸಾಧಿಸಿತು: ಕುತೂಹಲ ಹುಟ್ಟಿಸುವ ಶೀರ್ಷಿಕೆ ಮೊದಲಿಗೆ, ಮಾಲಿಕೆಯ ಹೆಸರು ಮತ್ತು ಸಂಖ್ಯೆ ಕೊನೆಗೆ. ಬಿಡಿಯಾಗಿ ನೋಡುವವರಿಗೂ ಅಡ್ಡಿಯಿಲ್ಲ, ಸರಣಿಯಾಗಿ ನೋಡುವವರಿಗೂ ಗೊಂದಲವಿಲ್ಲ.

ಕೋವಿಡ್-19ರ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ‘ಸಂವೇದ’ ವೀಡಿಯೊ ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ತರಗತಿವಾರು ವೇಳಾಪಟ್ಟಿಯಂತೆ ಪ್ರಸಾರವಾದವು. ಅವು ಯೂಟ್ಯೂಬಿನಲ್ಲಿಯೂ ದೊರೆತವು. ಪ್ರಸಾರದಲ್ಲಿ ಕ್ರಮವನ್ನು ಕಾಯುವುದು ಗಡಿಯಾರ. ಹತ್ತು ಗಂಟೆಯ ಪಾಠದ ನಂತರ ಹತ್ತೂವರೆಯ ಪಾಠ ಬಂದೇ ಬರುತ್ತದೆ, ತಪ್ಪಿಸಿಕೊಂಡರೆ ತಪ್ಪಿಹೋಗುತ್ತದೆ. ಯೂಟ್ಯೂಬಿನಲ್ಲಿ ತಪ್ಪಿಹೋಗುವ ಭಯವಿಲ್ಲ, ಆದರೆ ಕ್ರಮವನ್ನು ಯಾರಾದರೂ ಕಟ್ಟಿಕೊಡಬೇಕು. ಮನೆಗೆ ಒಂದೇ ಮೊಬೈಲ್ ಇದ್ದು, ಅದು ಸಂಜೆ ತಂದೆ ಹೊಲದಿಂದ ಮರಳಿದ ಮೇಲಷ್ಟೇ ಮಗುವಿನ ಕೈಗೆ ಸಿಗುವಾಗ, ಡೇಟಾ ತೀರುವ ಮೊದಲು ಸರಿಯಾದ ಪಾಠ ಸಿಗುವುದೇ ಇಲ್ಲವೇ ಎಂಬುದು ಪಟ್ಟಿಯ ಅಚ್ಚುಕಟ್ಟುತನವನ್ನು ಅವಲಂಬಿಸಿರುತ್ತದೆ.

ಕನ್ನಡ ಚಾನೆಲ್‌ಗಳ ಸಂದರ್ಭ

ಒಂದು ವೀಡಿಯೊ ಹಲವು ಪಟ್ಟಿಗಳಲ್ಲಿ ಇರಬಹುದೆಂಬ ಅನುಕೂಲವು ಯಕ್ಷಗಾನದಂತಹ ಕಲೆಗಳಿಗೆ ತುಂಬ ಒದಗುತ್ತದೆ. ‘ಗದಾಯುದ್ಧ’ ಪ್ರಸಂಗವನ್ನು ಹುಡುಕಿ ಬರುವವರು ಒಂದು ಬಗೆ. ತೆಂಕುತಿಟ್ಟು ಅಥವಾ ಬಡಗುತಿಟ್ಟಿನ ಆಟಗಳನ್ನೇ ನೋಡುವವರು ಇನ್ನೊಂದು ಬಗೆ. ತಮ್ಮ ಮೆಚ್ಚಿನ ಭಾಗವತರ ಹಾಡುಗಾರಿಕೆಗಾಗಿಯೇ ಬರುವವರು ಮತ್ತೊಂದು ಬಗೆ. ಒಂದೇ ವೀಡಿಯೊವನ್ನು ಪ್ರಸಂಗದ ಪಟ್ಟಿಯಲ್ಲಿ, ತಿಟ್ಟಿನ ಪಟ್ಟಿಯಲ್ಲಿ, ಭಾಗವತರ ಪಟ್ಟಿಯಲ್ಲಿ ಸೇರಿಸಿದರೆ ಮೂವರಿಗೂ ದಾರಿಯಾಗುತ್ತದೆ. ರಾತ್ರಿಯಿಡೀ ನಡೆಯುವ ಆಟವನ್ನು ಭಾಗಗಳಾಗಿ ಒಡೆದು ಪ್ರಕಟಿಸಿದಾಗಲಂತೂ ಆಟಕ್ಕೊಂದು ಪಟ್ಟಿ ಇರಲೇಬೇಕು. ಇಲ್ಲವಾದರೆ ಚೌಕಿಪೂಜೆ ಒಂದು ಕಡೆ, ಮಂಗಳ ಇನ್ನೊಂದು ಕಡೆ ಆಗುತ್ತದೆ. ಗಮಕ ವಾಚನ, ದಾಸರ ಪದ, ವಚನ ವ್ಯಾಖ್ಯಾನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಡುಗೆಯ ಚಾನೆಲ್‌ಗಳಲ್ಲಿ ಯುಗಾದಿ, ಗೌರಿ-ಗಣೇಶ, ದೀಪಾವಳಿ ಎಂದು ಹಬ್ಬದ ಪಟ್ಟಿಗಳನ್ನು ಮಾಡಿ, ಆಯಾ ಹಬ್ಬಕ್ಕೆ ಮುನ್ನ ಮುಖಪುಟದ ಮೇಲ್ಭಾಗಕ್ಕೆ ತರುವುದರಿಂದ ಹಳೆಯ ವೀಡಿಯೊಗಳು ವರ್ಷವರ್ಷವೂ ಚಿಗುರುತ್ತವೆ.

ಶೀರ್ಷಿಕೆಯ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಸಮಸ್ಯೆಯಿದೆ. ಹುಡುಕುವವರಲ್ಲಿ ಕೆಲವರು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೆ, ಅನೇಕರು ಕನ್ನಡ ಪದಗಳನ್ನೇ ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ. ಕನ್ನಡದೊಳಗೂ ಬರೆಹದ ರೂಪಗಳು ಹಲವು: ವೀಡಿಯೊ, ವಿಡಿಯೋ, ಎಸ್.ಎಸ್.ಎಲ್.ಸಿ., ಎಸ್ಸೆಸ್ಸೆಲ್ಸಿ, ಹತ್ತನೆಯ ತರಗತಿ. ಶೀರ್ಷಿಕೆಯಲ್ಲಿ ಎಲ್ಲವನ್ನೂ ತುರುಕಿದರೆ ಅದು ಓದಲಾಗದಂತಾಗುತ್ತದೆ. ಶುದ್ಧವಾದ ಒಂದು ಕನ್ನಡ ಶೀರ್ಷಿಕೆಯನ್ನಿಟ್ಟು, ಪಟ್ಟಿಯ ವಿವರಣೆಯಲ್ಲಿ ಸಹಜವಾದ ವಾಕ್ಯಗಳೊಳಗೆ ಉಳಿದ ರೂಪಗಳನ್ನು ತರುವುದು ಮೇಲು. ‘ನನ್ನ ವೀಡಿಯೊಗಳು’, ‘ಪಟ್ಟಿ 2’, ‘ಇತರೆ’ ಎಂಬಂತಹ ಹೆಸರುಗಳು ರಚಿಸಿದವರಿಗಲ್ಲದೆ ಬೇರೆಯವರಿಗೆ ಏನನ್ನೂ ತಿಳಿಸುವುದಿಲ್ಲ. ‘ಹತ್ತನೆಯ ತರಗತಿ ಸಮಾಜ ವಿಜ್ಞಾನ: ಇತಿಹಾಸದ ಪಾಠಗಳು’ ಎಂಬ ಹೆಸರು ಯಾರಿಗೆ, ಏನು, ಎಷ್ಟು ಎಂಬ ಮೂರಕ್ಕೂ ಉತ್ತರ ಕೊಡುತ್ತದೆ.

ಅಂಕಿಅಂಶಗಳು

ಯೂಟ್ಯೂಬ್ ಸ್ಟುಡಿಯೊ ಎಂಬ ನಿರ್ವಹಣಾ ಪುಟದಲ್ಲಿ ಪ್ರತಿ ಪಟ್ಟಿಯ ಅಂಕಿಅಂಶಗಳು ದೊರೆಯುತ್ತವೆ. ಇವನ್ನು ಓದುವಾಗ ಒಂದು ಎಚ್ಚರ ಅಗತ್ಯ. ಪಟ್ಟಿಯಲ್ಲಿರುವ ವೀಡಿಯೊಗಳಿಗೆ ಎಲ್ಲ ಮಾರ್ಗಗಳಿಂದ ಬಂದ ಒಟ್ಟು ವೀಕ್ಷಣೆ ಬೇರೆ. ಪಟ್ಟಿಯ ಮೂಲಕವೇ ಬಂದ ವೀಕ್ಷಣೆ ಬೇರೆ. ಮೊದಲನೆಯದು ದೊಡ್ಡದಾಗಿ ಕಂಡರೆ ಅದರ ಹಿರಿಮೆ ಪಟ್ಟಿಯದಾಗಿರಬೇಕಿಲ್ಲ. ಪಟ್ಟಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಎರಡನೆಯದು ಹೇಳುತ್ತದೆ.

ಪಟ್ಟಿಯನ್ನು ಎಷ್ಟು ಬಾರಿ ಆರಂಭಿಸಲಾಗಿದೆ, ಒಂದು ಆರಂಭಕ್ಕೆ ಸರಾಸರಿ ಎಷ್ಟು ವೀಡಿಯೊ ನೋಡಲಾಗಿದೆ, ಪಟ್ಟಿಯೊಳಗೆ ಕಳೆದ ಸರಾಸರಿ ಸಮಯವೆಷ್ಟು ಎಂಬ ಅಳತೆಗಳೂ ಉಪಯುಕ್ತ. ಒಂದು ಆರಂಭಕ್ಕೆ ಒಂದರ ಆಸುಪಾಸಿನಲ್ಲಿಯೇ ಸರಾಸರಿ ನಿಂತಿದ್ದರೆ ಅದು ಹೆಸರಿಗಷ್ಟೇ ಪಟ್ಟಿ. ಆರನೆಯ ಪಾಠದವರೆಗೆ ಸರಿಯಾಗಿ ಬಂದ ವೀಕ್ಷಕರು ಏಳನೆಯದರಲ್ಲಿ ಒಮ್ಮೆಗೇ ಕಡಿಮೆಯಾದರೆ ಅಲ್ಲಿ ಪಾಠ ಕಠಿಣವಾಗಿರಬಹುದು, ಧ್ವನಿ ಕೆಟ್ಟಿರಬಹುದು, ಅಥವಾ ನಡುವೆ ಒಂದು ಪಾಠವೇ ಬಿಟ್ಟುಹೋಗಿರಬಹುದು. ಅಂಕಿಗಳು ಸ್ಥಳವನ್ನು ತೋರಿಸುತ್ತವೆಯೇ ಹೊರತು ಕಾರಣವನ್ನಲ್ಲ. ನೋಡಿದ ಸಮಯವು ತಿಳಿದುಕೊಂಡುದರ ಅಳತೆಯೂ ಅಲ್ಲ. ಹಾಜರಿ ಪುಸ್ತಕದಲ್ಲಿ ಗುರುತು ಬಿದ್ದವರಿಗೆಲ್ಲ ಪಾಠ ತಲೆಗೆ ಹತ್ತಿತೆಂದು ಯಾವ ಶಿಕ್ಷಕರೂ ಹೇಳಲಾರರು.

ತಪ್ಪು ತಿಳಿವಳಿಕೆಗಳು ಮತ್ತು ನಿಯಮಗಳು

ಇತರರ ಜನಪ್ರಿಯ ವೀಡಿಯೊಗಳನ್ನು ತಮ್ಮ ಪಟ್ಟಿಗೆ ಸೇರಿಸಿದರೆ ಆ ವೀಕ್ಷಣೆ ತಮ್ಮ ಚಾನೆಲ್ಲಿಗೆ ಬರುತ್ತದೆಂಬ ನಂಬಿಕೆ ಇದೆ. ಇದು ಸರಿಯಲ್ಲ. ವೀಕ್ಷಣೆಯೂ ಸಮಯವೂ ಮೂಲ ಚಾನೆಲ್ಲಿಗೇ ಸಲ್ಲುತ್ತವೆ. ಆದರೆ ಇತರರ ಒಳ್ಳೆಯ ಪಾಠವನ್ನು ತಮ್ಮ ಪಾಠಗಳ ನಡುವೆ ಇರಿಸಿ ವಿಷಯವನ್ನು ಪೂರ್ಣಗೊಳಿಸುವುದು ವೀಕ್ಷಕರ ಹಿತದೃಷ್ಟಿಯಿಂದ ಸಾಧುವೇ. ಹಾಗೆಯೇ, ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ವೀಡಿಯೊ ಹುಡುಕಾಟದಲ್ಲಿ ಮೇಲೇರುತ್ತದೆಂಬ ಭರವಸೆಯ ಮಾತುಗಳನ್ನು ನಂಬಬೇಕಿಲ್ಲ. ಖಾಸಗಿ, ಪಟ್ಟಿಮಾಡದ ಮತ್ತು ಅಳಿಸಿದ ವೀಡಿಯೊಗಳ ಸಮಯ, ಶಾರ್ಟ್ಸ್ ಸಾಲಿನಲ್ಲಿ ನೋಡಿದ ಸಮಯ, ಜಾಹೀರಾತಿನ ಮೂಲಕ ಗಳಿಸಿದ ಸಮಯ ಇವಾವುವೂ 4,000 ಗಂಟೆಗಳ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯನ್ನು ಮನೆಯ ಫೋನುಗಳಲ್ಲಿ ರಾತ್ರಿಯಿಡೀ ಸುತ್ತುವಂತೆ ಬಿಟ್ಟು ಗಂಟೆಗಳನ್ನು ಕೂಡಿಸಿಕೊಡುವುದಾಗಿ ಹಣ ಕೇಳುವವರಿದ್ದಾರೆ. ಕೃತಕ ವೀಕ್ಷಣೆಯು ನಿಯಮಬಾಹಿರ. ಅದರಿಂದ ಚಾನೆಲ್ಲನ್ನೇ ಕಳೆದುಕೊಳ್ಳುವ ಅಪಾಯವಿದೆ.

ಪಟ್ಟಿಗಳಿಗೇ ಅನ್ವಯಿಸುವ ಪ್ರತ್ಯೇಕ ನಿಯಮಗಳನ್ನೂ ಯೂಟ್ಯೂಬ್ ಮಾಡಿದೆ. ಒಳಗಿಲ್ಲದ ವಿಷಯವನ್ನು ಇದೆಯೆಂದು ನಂಬಿಸುವ ಶೀರ್ಷಿಕೆ, ವಿವರಣೆಗಳು ನಿಷಿದ್ಧ. ಬಿಡಿಬಿಡಿಯಾಗಿ ನೋಡಿದಾಗ ಯಾವ ದೋಷವೂ ಇಲ್ಲದ ವೀಡಿಯೊಗಳನ್ನು ಕೆಟ್ಟ ಉದ್ದೇಶದಿಂದ ಒಟ್ಟುಗೂಡಿಸಿದ ಪಟ್ಟಿಗಳೂ ನಿಯಮಭಂಗವೆನಿಸುತ್ತವೆ. ಮಕ್ಕಳ ವೀಡಿಯೊಗಳ ವಿಷಯದಲ್ಲಿ ಇದು ಗಂಭೀರವಾದುದು. ಶಾಲಾ ವಾರ್ಷಿಕೋತ್ಸವದ ನೃತ್ಯ, ಕ್ರೀಡಾಕೂಟ, ಈಜು ಇತ್ಯಾದಿಗಳನ್ನು ಸದುದ್ದೇಶದಿಂದಲೇ ಸಾರ್ವಜನಿಕವಾಗಿ ಪ್ರಕಟಿಸಿದರೂ, ಅಪರಿಚಿತರು ಅವನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಲ್ಲರು. ಅಂತಹ ವೀಡಿಯೊಗಳನ್ನು ಪಟ್ಟಿಮಾಡದ ರೂಪದಲ್ಲಿ ಪೋಷಕರಿಗಷ್ಟೇ ಕಳುಹಿಸುವುದು, ಇಲ್ಲವೆ ಖಾಸಗಿಯಾಗಿಡುವುದು ಕ್ಷೇಮ. ಅನುಚಿತವಾದ ಪಟ್ಟಿ ಕಂಡುಬಂದಲ್ಲಿ ಪಟ್ಟಿಯ ಮೇಲೆಯೇ ದೂರು ಸಲ್ಲಿಸುವ ಆಯ್ಕೆಯಿದೆ.

ನಿರ್ವಹಣೆ

ಪಟ್ಟಿಗಳನ್ನು ಒಮ್ಮೆ ಮಾಡಿ ಮರೆಯುವುದು ಸಾಮಾನ್ಯ. ಇತರರ ವೀಡಿಯೊಗಳಿದ್ದರೆ ಅವು ಎಂದಾದರೊಂದು ದಿನ ಅಳಿಯಬಹುದು ಅಥವಾ ಖಾಸಗಿಯಾಗಬಹುದು. ಆಗ ಲಭ್ಯವಿಲ್ಲದ ವೀಡಿಯೊಗಳನ್ನು ಮರೆಮಾಡಲಾಗಿದೆ ಎಂಬ ಸೂಚನೆಯಷ್ಟೇ ಉಳಿಯುತ್ತದೆ. ಏನು ಕಳೆದುಹೋಯಿತೆಂಬುದು ನೆನಪಿಗೇ ಬಾರದು. ಮುಖ್ಯವಾದ ಪಟ್ಟಿಗಳ ಶೀರ್ಷಿಕೆಗಳನ್ನು ಪುಸ್ತಕದಲ್ಲಿಯೋ ಕಡತದಲ್ಲಿಯೋ ಬರೆದಿಟ್ಟುಕೊಂಡರೆ ತೆರವಾದ ಸ್ಥಾನವನ್ನು ತುಂಬುವುದು ಸುಲಭ. ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಕೈಬಿಟ್ಟ ಪಾಠಗಳ ವೀಡಿಯೊಗಳನ್ನು ಪಟ್ಟಿಯಿಂದ ತೆಗೆದು, ‘ಹಳೆಯ ಪಠ್ಯಕ್ರಮ’ ಎಂಬ ಬೇರೊಂದು ಪಟ್ಟಿಗೆ ವರ್ಗಾಯಿಸುವುದು ಲೇಸು. ವೀಡಿಯೊವನ್ನೇ ಅಳಿಸಿದರೆ ಅದರೊಂದಿಗೆ ಅದುವರೆಗಿನ ವೀಕ್ಷಣಾ ಸಮಯವೂ ಲೆಕ್ಕದಿಂದ ಹೋಗುತ್ತದೆ.

ಸಂಬಂಧಿತ ಸೌಲಭ್ಯಗಳು

2023ರಿಂದ ಯೂಟ್ಯೂಬಿನಲ್ಲಿ ಪಟ್ಟಿಯೊಂದನ್ನು ಪಾಡ್‌ಕಾಸ್ಟ್ ಎಂದು ಗೊತ್ತುಪಡಿಸಬಹುದಾಗಿದೆ. ಪಟ್ಟಿಯ ಒಂದೊಂದು ವೀಡಿಯೊ ಒಂದೊಂದು ಸಂಚಿಕೆಯಾಗುತ್ತದೆ. ಪಾಠಮಾಲೆಗಳನ್ನು ಕೋರ್ಸ್ ರೂಪದಲ್ಲಿ ನೀಡುವ ವ್ಯವಸ್ಥೆಯೂ ಬಂದಿದೆ. ಬಳಕೆದಾರರು ಮುಂದೆ ನೋಡಲೆಂದು ತೆಗೆದಿರಿಸುವ ‘ನಂತರ ವೀಕ್ಷಿಸಿ’, ಮೆಚ್ಚುಗೆ ಸೂಚಿಸಿದ ವೀಡಿಯೊಗಳ ಪಟ್ಟಿ ಇವು ತಾಣವೇ ಪ್ರತಿಯೊಬ್ಬರಿಗೂ ಒದಗಿಸುವ ಪಟ್ಟಿಗಳು. ವಿಮಿಯೊ ತಾಣದಲ್ಲಿ ಇದೇ ಬಗೆಯ ಸಂಗ್ರಹಗಳಿಗೆ ಶೋಕೇಸ್ ಎಂಬ ಹೆಸರಿದೆ. ಮುಕ್ತ ತಂತ್ರಾಂಶವಾದ ಪೀರ್‌ಟ್ಯೂಬಿನಲ್ಲಿಯೂ ಪ್ಲೇಲಿಸ್ಟ್ ರಚಿಸುವ ಸೌಲಭ್ಯ ಲಭ್ಯವಿದೆ.